ಹಳದಿ ಸ್ವೆಟರ್

ಬಾಣಾವರ, ೯ ಡಿಸೆಂಬರ್ ೧೯೯೮, ಬುಧವಾರ

ಬೆಳಿಗ್ಗೆಯಿಂದ ಅತ್ತೆಯ ಮಾತೇ ಕೊರೆಯುತ್ತಿದೆ. “ಹುಟ್ಟೋಕ್ ಮುಂಚೆ ಮಗೀಗೆ ಹೊಸದೇನೂ ಮಾಡಬ್ಯಾಡ ಅಂತ ಬಡ್ಕೊಂಡೆ. ಕೇಳಿದ್ಯೇನೇ? ಆ ಸ್ವೆಟರ್ ಬಿಚ್ಚಾಕು, ಮನೇಲಿ ಮಡಗಬ್ಯಾಡ.”

ಹೋದ ತಿಂಗಳು ನನ್ನ ಮಗು ಉಸಿರಿಲ್ಲದೆ ಹುಟ್ಟಿತು. ಅದಕ್ಕೆ ನನ್ನ ಉಲ್ಲನ್ ದಾರ ಕಾರಣವಂತೆ! ನಮ್ಮ ಯಜಮಾನರು ಪಕ್ಕದಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದರು. ಒಂದು ಮಾತಾದರೂ ಆಡಬಾರದಿತ್ತೇ?

ಮಧ್ಯಾಹ್ನ ಬಿಚ್ಚೋಣವೆಂದೇ ಟ್ರಂಕಿನಿಂದ ತೆಗೆದೆ. ಮುಂಭಾಗ ಇನ್ನೂ ಹೆಣಿಗೆ ಕಡ್ಡಿಯ ಮೇಲೇ ಇದೆ, ಕತ್ತಿನ ಹತ್ತಿರಕ್ಕೆ ಬಂದು ನಿಂತಿದೆ. ಎದೆಯ ಕಡೆ ಒಂದು ಕುಣಿಕೆ ಉಲ್ಟಾ ಬಿದ್ದಿತ್ತು. ಹೆಣೆಯುವಾಗ ಮಗು ಒದ್ದಿರಬೇಕು, ಆಗ ತಪ್ಪನ್ನು ನಾನು ಗಮನಿಸಿರಲಿಲ್ಲ.

ಯಾಕೋ ತಪ್ಪನ್ನು ಹಾಗೇ ಬಿಟ್ಟು ಬಿಚ್ಚಲು ಮನಸ್ಸು ಬರಲಿಲ್ಲ. ಆ ನೇರದ ಕುಣಿಕೆಯೊಂದನ್ನೇ ಕಡ್ಡಿಯಿಂದ ಬಿಟ್ಟು ತಪ್ಪಿನವರೆಗೂ ಕೆಳಕ್ಕೆ ಜಾರಿಸಿ, ಕೊಕ್ಕೆಯಿರುವ ಕ್ರೋಶಾ ಕಡ್ಡಿಯಿಂದ ಒಂದೊಂದೇ ಎಳೆ ಎತ್ತಿಕೊಂಡು ಮತ್ತೆ ಮೇಲೆ ಬಂದೆ. ಎಷ್ಟು ಸಲೀಸಾಗಿ ಕೂತಿತು! ಕೈಗೆ ಹಿತವಾಯಿತು. ಬಾಯಲ್ಲಿ ಏನೋ ಹಾಡು ಗುನುಗುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು. ಹಾಡು! ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ. “ಬಿಚ್ಚಿದ್ಯೇನೇ?”

“ಒಂದು ತಪ್ಪಿತ್ತು ಅತ್ತೆ. ಸರಿ ಮಾಡ್ತಿದ್ದೆ.”

ಬೈಯುತ್ತಾರೆ ಅಂದುಕೊಂಡೆ. ಹತ್ತಿರ ಬಂದು, ಬಿಡಿಯಾಗಿ ಹೆಣೆದಿಟ್ಟಿದ್ದ ಪುಟ್ಟ ತೋಳನ್ನು ಎತ್ತಿಕೊಂಡು ತಮ್ಮ ಎರಡು ಬೆರಳಿಗೆ ಸುತ್ತಿಕೊಂಡರು. “ನಾಳೆ ಬಿಚ್ಚುವಂತೆ, ಬಿಡು” ಅಂದು ತೋಳನ್ನು ನನ್ನ ಮಡಿಲಿಗಿಟ್ಟು ಹೋದರು.

ಈಗ ದೀಪಕ್ಕೆ ಹಿಡಿದು ನೋಡಿದೆ. ಎಲ್ಲೂ ಒಂದು ತಪ್ಪಿಲ್ಲ. ನಾಳೆ ಬಿಚ್ಚಬೇಕು.