ಮುರಿದ ಮದುವೆಯ ರೊಟ್ಟಿ

ಗದಗ, ಸೋಮವಾರ

ಅವ್ವನಿಗೆ ರಂಜನಿಯ ನಮಸ್ಕಾರ.

ನಮ್ಮೂರು ಹೊಂಬಳದಿಂದ ತಂದ ರೊಟ್ಟಿಯ ಗಂಟು ಹಾಸ್ಟೆಲಿಗೆ ಕ್ಷೇಮವಾಗಿ ತಲುಪಿದೆ, ಜೊತೆಗೆ ನಾನೂ. ಗಂಡಿನ ಕಡೆಯವರು ಮದುವೆ ಬೇಡವೆಂದ ದಿನ ನೀನು ಅತ್ತುಬಿಟ್ಟೆ. ಓಣಿಯ ಹೆಂಗಸರೆಲ್ಲ ಕೂಡಿ ಮದುವೆಗೆಂದು ತಟ್ಟಿಟ್ಟ ರೊಟ್ಟಿಯ ರಾಶಿ ನೋಡಿ ನಾನೂ ಅಳುವವಳಿದ್ದೆ. ಮಗ್ಗುಲ ಮನೆಯ ಸಾವಕ್ಕ ಬಿಡಲಿಲ್ಲ: "ಮದವಿ ಮುರದ್ರ ಮುರೀಲಿ ಬಿಡವಾ, ರೊಟ್ಟೀನೂ ಮುರಕೊಂಡ ತಿನ್ನೂದು! ಖಡಕ್ ಅದಾವ, ತಿಂಗಳಗಟ್ಲೆ ಕೆಡಂಗಿಲ್ಲ. ಗದಗಿಗೆ ಒಯ್ದು ತಿಂದು, ಅರ್ಧಾ ಬಿಟ್ಟ ಓದು ಮುಗಸು."

ಅದೇ ನಡೆದಿದೆ. ಬಿ.ಎಡ್. ತರಗತಿಗೆ ಮತ್ತೆ ಹೋಗುತ್ತಿದ್ದೇನೆ. ರೂಮಿನ ಗೆಳತಿಯರು ದಿನಾಲೂ ನನ್ನ ಮದುವೆಯೂಟ ಉಣ್ಣುತ್ತಾರೆ. ಉಡುಗೊರೆ ಮಾತ್ರ ಒಬ್ಬಳೂ ಕೊಟ್ಟಿಲ್ಲ.

ರವಿವಾರ ಬರುವಾಗ ಶೇಂಗಾ ಚಟ್ನಿ ತಾ. ಹೊಸ ಹುಡುಗನ ಫೋಟೊ ಬೇಡ. ಅದನ್ನು ಹಚ್ಚಿಕೊಂಡು ರೊಟ್ಟಿ ತಿನ್ನಲು ಬರುವುದಿಲ್ಲ. ಮೊದಲು ಪರೀಕ್ಷೆ ಮುಗಿಯಲಿ.

ಓಣಿಯವರಿಗೆಲ್ಲ ಹೇಳು: ನಾನು ಟೀಚರಾದ ದಿನ ಅವರ ಊಟ ನಮ್ಮ ಮನೆಯಲ್ಲಿ. ಅವತ್ತು ಅವರು ಬರೀ ಕೂತು ಉಣ್ಣಬೇಕು, ರೊಟ್ಟಿ ತಟ್ಟುವವಳು ನಾನು. ದುಂಡಗಾಗದಿದ್ದರೆ ಸಾವಕ್ಕ ನಗಬಾರದು, ಅಷ್ಟೇ.

ಹಸಿದಿರುವ ನಿನ್ನ ಮಗಳು,
ಶಿವರಂಜನಿ