ಗೆರೆಯವರೆಗೆ ನೀರು

ನವನಗರ, ಬಾಗಲಕೋಟೆ
೧೩ ನವೆಂಬರ್ ೨೦೨೫

ಪ್ರೀತಿಯ ಮಹೇಶ್ವರಿ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಡಾಕ್ಟರು ಹೇಳಿದಂತೆ ಎಡಕ್ಕೆ ಹೊರಳಿ ಮಲಗುತ್ತಿದ್ದೀಯಾ? ಇದನ್ನೆಲ್ಲ ಫೋನಿನಲ್ಲಿ ದಿನವೂ ಕೇಳುತ್ತೇನೆ, ನೀನೂ ದಿನವೂ 'ಹೂಂ' ಅನ್ನುತ್ತೀ. ಅಲ್ಲಿ ನಿನ್ನ ಪಕ್ಕದಲ್ಲಿ ನಿಮ್ಮವ್ವ, ಇಲ್ಲಿ ನನ್ನ ಪಕ್ಕದಲ್ಲಿ ನಮ್ಮವ್ವ, ಇಬ್ಬರಿಗೂ ಸ್ಪೀಕರ್ ಹಾಕಲೇಬೇಕು. ಅದಕ್ಕೇ ಈ ಪತ್ರ. ನಮ್ಮ ಆಫೀಸಿನ ಶೀಲಾ ಮೇಡಂ ದಿನಾ ಹುನಗುಂದದಿಂದಲೇ ಬರುತ್ತಾರಲ್ಲ, ಸಂಜೆಯ ಬಸ್ಸಿಗೆ ಅವರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಗಂಡಂದಿರು ಇಂಥ ಪತ್ರ ಸಲೀಸಾಗಿ ಬರೆಯುತ್ತಾರೆ. ನನಗೆ ಇದು ಮೂರನೆಯ ಹಾಳೆ, ಎರಡು ಹರಿದೆ.

ನಿನ್ನ ಗಾಜಿನ ತೊಟ್ಟಿಯ ಹವಳಗಳು ಸಾಯುತ್ತಿವೆ. ನೀನು ಕೇಳಿದಾಗಲೆಲ್ಲ ನಾನು ಕಳಿಸಿದ ಫೋಟೋಗಳು ದಸರೆಯ ಹೊತ್ತಿನವು. ತಪ್ಪಾಯಿತು. ಮೊದಲು ಬಸವನಹುಳುಗಳು ಗಾಜಿನಿಂದ ಉದುರಿದವು. ನಾಲ್ಕು ದಿನಕ್ಕೆ ಸೀಗಡಿ ಸತ್ತಿತು. ಆಮೇಲೆ ಆ ಮೆತ್ತನೆಯ ಹವಳ, ಹಗಲೆಲ್ಲ ಮುಷ್ಟಿ ಬಿಚ್ಚಿ ಮುಚ್ಚುತ್ತಿದ್ದುದು, ಹೊರಡುವಾಗ ನೀನು ಬಾಗಿಲಲ್ಲಿ ನಿಂತು "ನನಗ ಟಾಟಾ ಮಾಡಾಕತ್ತೇತಿ ನೋಡ್ರಿ" ಎಂದಿದ್ದೆಯಲ್ಲ, ಅದು ಒಂದು ದಿನ ಮುಷ್ಟಿ ಮುಚ್ಚಿತು. ಮತ್ತೆ ಬಿಚ್ಚಲಿಲ್ಲ. ಕಂದು ಬಣ್ಣದ ದೊಡ್ಡದು ಬುಡದಿಂದ ಬಿಳಿಚುತ್ತ ಬಂದಿದೆ. ಎರಡು ಮೀನುಗಳು ಮಾತ್ರ ಏನೂ ಆಗದಂತೆ ತಿಂದುಂಡು ಓಡಾಡುತ್ತಿವೆ.

ನಿನ್ನ ನೋಟ್‌ಬುಕ್ಕಿನಲ್ಲಿರುವ ಕ್ರಮದಲ್ಲೇ ಒಂದೊಂದಾಗಿ ಪರೀಕ್ಷಿಸಿದೆ. ಉಪ್ಪು ಮೂವತ್ತೈದು. ಉಷ್ಣತೆ ಇಪ್ಪತ್ತಾರು. ಕ್ಷಾರತೆ ಎಂಟು. ನೈಟ್ರೇಟ್ ನೀನಿದ್ದಾಗ ಇದ್ದಷ್ಟೇ. ದೀಪ ಎರಡು ತಾಸು ಕಡಿಮೆ ಮಾಡಿದೆ, ಮೋಟರಿನ ಮುಖ ತಿರುಗಿಸಿಟ್ಟೆ, ಐದರಲ್ಲೊಂದು ಪಾಲು ನೀರು ಬದಲಿಸಿದೆ. ಅಂಕಿಗಳೆಲ್ಲ ಸರಿ ಇದ್ದವು, ಸಾವು ನಿಲ್ಲಲಿಲ್ಲ. ಕೊನೆಗೆ ತೊಟ್ಟಿ ಕೊಟ್ಟ ಹುಬ್ಬಳ್ಳಿಯ ಅಫ್ಸರನಿಗೆ ಫೋನ್ ಮಾಡಿದೆ. "ಮೀನ ಆರಾಮ ಅದಾವಂದ್ರ ಇದು ಬ್ಯಾರೇನ ಐತ್ರಿ ಸರ. ನೀರಿಗೆ ತಾಮ್ರ ಏನರ ತಾಗೇತೇನ ನೋಡ್ರಿ. ಹುಳಕ್ಕ, ಹವಳಕ್ಕ ಅದು ವಿಷ" ಎಂದ. ನಮ್ಮ ಮನೆಯಲ್ಲಿ ಹಾಗೇನೂ ಇಲ್ಲ ಎಂದು ಅವನಿಗೆ ಖಚಿತವಾಗಿ ಹೇಳಿದೆ. ಆದರೂ ತಾಮ್ರ ಪರೀಕ್ಷಿಸುವ ಕಿಟ್ ಕಳಿಸಿದ. ಕೊಳವೆಯಲ್ಲಿ ಬಣ್ಣ ತಿರುಗಿತು.

ಆವಿಯಾದಷ್ಟು ನೀರನ್ನು ನಾನು ಫಿಲ್ಟರಿನ ಕ್ಯಾನಿನಿಂದ ತುಂಬಬೇಕೆಂದು ನೀನು ಗಾಜಿನ ಮೇಲೆ ಗೆರೆ ಹಾಕಿ ಹೋಗಿದ್ದೆಯಲ್ಲ. ಒಂದು ತಿಂಗಳಿಂದ ನಾನು ನೋಡಿದಾಗಲೆಲ್ಲ ನೀರು ಗೆರೆಗೆ ಸರಿಯಾಗಿ ಇರುತ್ತಿತ್ತು. ಚಳಿ ಬಂತು ಎಂದುಕೊಂಡೆ. 'ಆವಿ ಕಡಿಮೆ' ಎಂದು ದಿನಾಂಕ ಹಾಕಿ ಬರೆದಿಟ್ಟೆ ಕೂಡ. ಕಿಟ್ಟಿನ ಬಣ್ಣ ತಿರುಗಿದ ಮರುದಿನ ಬೆಳಿಗ್ಗೆ ಬೇಗ ಎದ್ದು ಬಂದರೆ ಅವ್ವ ತೊಟ್ಟಿಯ ಮುಂದೆ ನಿಂತಿದ್ದಳು. ಕೈಯಲ್ಲಿ ತಾಮ್ರದ ತಂಬಿಗೆ. ಹಳೇ ಊರಿನ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದಾಗ ಮಡಿಲಲ್ಲಿ ಇಟ್ಟುಕೊಂಡು ತಂದದ್ದು.

ನಿನಗೆ ನೆನಪಿದೆಯಲ್ಲ, ತೊಟ್ಟಿ ಬಂದ ದಿನ ಅವಳು ಅಂದದ್ದು: "ಮನಿಯೊಳಗ ನೀರ ಹೊಕ್ಕಿದ್ದಕ್ಕ ಊರ ಬಿಟ್ಟ ಬಂದೇವಿ. ಇಕಿ ಸಮುದ್ರಾನ ಹೊತ್ತ ತಂದಾಳ." ಆ ಮಾತಿಗೆ ನೀನು ಎರಡು ದಿನ ಊಟ ಮಾಡಿರಲಿಲ್ಲ. ಅದೇ ಅವ್ವ ಈಗ ನನಗೆ ಗುಟ್ಟು ಹೇಳುವಂತೆ ಹೇಳಿದಳು: "ಫಿಲ್ಟರ್ ನೀರಾಗ ಏನ ಸತ್ವ ಐತಿ? ರಾತ್ರಿ ಎಲ್ಲಾ ತಾಮ್ರದಾಗ ಇಟ್ಟದ್ದಿದು. ಅಕಿ ಕೂಸಿನ್ನ ಕರಕೊಂಡ ಬರೂದ್ರಾಗ ಇವೂ ಗಟ್ಟ್ಯಾಗ್ಲಿ."

ವಿಷದ ಮಾತು ತೆಗೆಯದೆ, "ನೀ ದಣೀಬ್ಯಾಡ, ನಾ ಹಾಕ್ತೇನಿ" ಎಂದೆ. "ನಾಕ ಹನಿ ನೀರ ಹಾಕಾಕ ಏನ ದಣಿವೋ" ಎಂದು ನಕ್ಕಳು. ಅವಳಿಗಿಂತ ಮೊದಲೇ ಗೆರೆಯವರೆಗೆ ತುಂಬಿಬಿಟ್ಟರಾಯಿತು ಎಂದು ಐದಕ್ಕೆ ಎದ್ದೆ, ಅವಳು ಆಗಲೇ ಹಾಕಿಯಾಗಿತ್ತು. ನಿನ್ನೆ ನಾಲ್ಕೂವರೆಗೆ ಎದ್ದೆ. ಅವಳು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ತಂಬಿಗೆ ತೊಳೆಯುತ್ತಿದ್ದಳು. ನಾನು ಎಷ್ಟು ನೀರು ಬದಲಿಸಿದರೂ, ತೊಟ್ಟಿಯೊಳಗಿನ ಕಲ್ಲುಗಳು ಕುಡಿದಿಟ್ಟ ತಾಮ್ರವನ್ನು ಮೆಲ್ಲಗೆ ಬಿಡುತ್ತಲೇ ಇರುತ್ತವಂತೆ. ಹಸಿರು ಹವಳ ಒಂದೇ ಇನ್ನೂ ತೆರೆದಿದೆ. ಅದೂ ಎಷ್ಟು ದಿನವೋ ಗೊತ್ತಿಲ್ಲ.

ನಿಮ್ಮ ಅಪ್ಪ ಅವ್ವನಿಗೆ ನನ್ನ ಶರಣು ತಿಳಿಸು. ನೀನು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆಯಬೇಕು, ಬರೆಯುತ್ತಿದ್ದೇನೆ. ನಿಮ್ಮಿಬ್ಬರನ್ನೂ ದೇವರು ಚೆನ್ನಾಗಿ ಇಟ್ಟಿರಲಿ.

ನಿನ್ನ,
ವಿಜಯಮಹಾಂತೇಶ

ಒಂದು ಮರೆತಿದ್ದೆ, ಮೇಡಂ ಆಗಲೇ ಚೀಲ ಹೆಗಲಿಗೆ ಹಾಕಿಯಾಯಿತು. ಭಾನುವಾರ ಅವ್ವ ನಿನ್ನನ್ನು ನೋಡಲು ಬರುತ್ತಾಳೆ. ಬಸ್ಸಿನಲ್ಲಿ ಕುಡಿಯಲು ಅದೇ ತಂಬಿಗೆಯಲ್ಲಿ ನೀರು ತರುತ್ತಾಳೆ, ನಿನಗೂ ಕೊಡುತ್ತಾಳೆ. ಮನುಷ್ಯರಿಗೆ ಅದರಿಂದ ಕೇಡಿಲ್ಲ, ಕುಡಿ. ಕುಡಿದಾದ ಮೇಲೆ, ಬಾಣಂತನ ಮುಗಿಯುವವರೆಗೆ ತಂಬಿಗೆ ನಿನ್ನ ಹತ್ತಿರವೇ ಇರಲಿ ಎಂದು ಕೇಳು. ನನಗೆ ಕೊಡಳು. ನೀನು ಕೇಳಿದರೆ ಕೊಟ್ಟಾಳು. ಆಮೇಲೆ ಅವಳೇ ಹವಳದ ಸುದ್ದಿ ತೆಗೆಯುತ್ತಾಳೆ, ತಾನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂದು ಹೇಳುತ್ತಾಳೆ. ಆಗ ನೀನು ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.