ನಾಲ್ಕು ಸೆಮಿಸ್ಟರಿನ ಸ್ಟ್ಯಾಟಿಸ್ಟಿಕ್ಸ್

ಸೆ. 15, ಸೋಮವಾರ

ಫಸ್ಟ್ ಶಿಫ್ಟ್. ಬುಷ್‌ಗಳ, ಅಂದರೆ ಯಂತ್ರಕ್ಕೆ ಹಾಕುವ ಲೋಹದ ಬಳೆಗಳ, ಒಳವ್ಯಾಸ ಅಳೆದು ಚಾರ್ಟ್ ತುಂಬಿದೆ. ಎರಡು ಚುಕ್ಕೆ ಮಿತಿಯ ಗೆರೆಯ ಹೊರಗೆ. ಸೂಪರ್‌ವೈಸರ್ ಲಕ್ಷ್ಮಣಪ್ಪ ಬಗ್ಗಿ ನೋಡಿದರು. "ಅವೆರಡನ್ನ ಇನ್ನೊಂದ್ಸಲ ಅಳತೆ ಮಾಡಮ್ಮ. ಒಳಗ್ ಬರೋ ತನಕ ಮಾಡು." ಪೀಣ್ಯದ ಈ ಕಂಪನಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಅಂದರೆ ಇಷ್ಟೇ.

ಸಾಕಾಗಿದೆ. ಬುಧವಾರ ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಕೌನ್ಸೆಲಿಂಗ್. ಎಂಟ್ರೆನ್ಸ್‌ನಲ್ಲಿ ಒಂಬತ್ತನೇ ರ‍್ಯಾಂಕ್ — ಸೀಟು ಇಪ್ಪತ್ತೆಂಟು. ಕೆಲಸ ಬಿಡುತ್ತೇನೆ ಅಂತ ಲಕ್ಷ್ಮಣಪ್ಪನವರಿಗೆ ಹೇಳಿಯೂ ಆಯಿತು.

ಸೆ. 17, ಮಧ್ಯಾಹ್ನ 3

ಯೂನಿವರ್ಸಿಟಿ ಮೆಟ್ಟಿಲ ಮೇಲೆ ಕೂತಿದ್ದೇನೆ. ಆಗಲಿಲ್ಲ.

ವೆರಿಫಿಕೇಶನ್ ಮೇಡಂ ಮಾರ್ಕ್ಸ್ ಕಾರ್ಡ್‌ಗಳನ್ನು ಎರಡು ಸಲ ತಿರುವಿದರು. "ಡಿಗ್ರೀಲಿ ಆರೂ ಸೆಮಿಸ್ಟರ್ ಸ್ಟ್ಯಾಟಿಸ್ಟಿಕ್ಸ್ ಇರ್ಬೇಕಮ್ಮ. ನಿಮ್ದು ನಾಲ್ಕೇ ಇದೆ."

"ಮೂರನೇ ವರ್ಷ ಕಾಲೇಜಲ್ಲೇ ತೆಗೆದ್ಬಿಟ್ರು ಮೇಡಂ. ನಾಲ್ಕೇ ಜನ ಇದೀರ ಅಂತ ಮ್ಯಾಥ್ಸ್‌ಗೆ ಹಾಕಿದ್ರು."

"ಹಂಗಂತ ಪ್ರಿನ್ಸಿಪಾಲ್ ಹತ್ರ ಬರೆಸ್ಕೊಂಡ್ ಬನ್ನಿ. ಶನಿವಾರದೊಳಗೆ. ನೋಡೋಣ."

ನನ್ನ ಹಿಂದಿನ ಹುಡುಗನಿಗೆ ರ‍್ಯಾಂಕ್ ಇಪ್ಪತ್ತಾರು. ಆರೂ ಸೆಮಿಸ್ಟರ್ ಇದ್ದವು. ಎರಡು ನಿಮಿಷದಲ್ಲಿ ಸೀಲ್ ಹಾಕಿಸಿಕೊಂಡು ಹೋದ.

ಸೆ. 19

ರಜೆ ಹಾಕಿ ಕಾಲೇಜಿಗೆ ಹೋದೆ. ಪ್ರಿನ್ಸಿಪಾಲರು ಕಾಫಿ ತರಿಸಿದರು, ಆಗಲೇ ಅನುಮಾನ ಬಂತು. ಫೈಲ್ ತೆಗೆದು ಒಂದು ಹಾಳೆ ಮುಂದಿಟ್ಟರು.

"ನಾವೆಲ್ಲಮ್ಮ ತೆಗೆದ್ವಿ? ನೀವೇ ಕೇಳ್ಕೊಂಡಿದೀರಲ್ಲ."

'ಸ್ವಇಚ್ಛೆಯಿಂದ ಗಣಿತ ವಿಷಯಕ್ಕೆ ಬದಲಾಗಲು ಅನುಮತಿ ಕೋರಿ...' ಕೆಳಗೆ ನಾಲ್ಕು ಸಹಿ. ಅಕ್ಷರ ನನ್ನದು. ಆವತ್ತು ಇದೇ ಮನುಷ್ಯ ಒಂದೊಂದು ಪದವಾಗಿ ಹೇಳಿ ಬರೆಸಿದ್ದರು — ಕ್ಲಾಸ್ ರೆಪ್ ನೀನಲ್ವಾ, ಅಕ್ಷರಾನೂ ದುಂಡಗಿದೆ ಅಂತ. ಗೆಸ್ಟ್ ಲೆಕ್ಚರರ್ ಇಡುವ ತಲೆನೋವು ತಪ್ಪಿತು, ಕಾಲೇಜಿಗೆ ಕೆಟ್ಟ ಹೆಸರೂ ಬರಲಿಲ್ಲ. ಪತ್ರ ಸಿಗಲಿಲ್ಲ. ಕಾಫಿ ಮುಟ್ಟದೆ ಎದ್ದು ಬಂದೆ.

ಸೆ. 29

ಹತ್ತು ದಿನ ಈ ಪುಸ್ತಕ ತೆಗೆಯಲಿಲ್ಲ. ಸೀಟು ಹೋಯಿತು. ಕೆಲಸ ಬಿಡಲ್ಲ ಅಂತ ಲಕ್ಷ್ಮಣಪ್ಪನವರಿಗೆ ಹೇಳಿದೆ.

"ಒಳ್ಳೇದಾಯ್ತು ಬಿಡಮ್ಮ. ನಿನ್ ಥರ ಚಾರ್ಟ್ ಹಾಕೋರು ಯಾರಿದಾರೆ?"

ಪಾಪ, ಸಮಾಧಾನಕ್ಕೆ ಹೇಳಿದ್ದು. ಕಪಾಳಕ್ಕೆ ಬಾರಿಸಿದ ಹಾಗಾಯಿತು.

ಅ. 6, ಸಂಜೆ

ದಿವ್ಯಾ ಫೋನ್ ಮಾಡಿದ್ದಳು. ಆ ನಾಲ್ಕು ಸಹಿಗಳಲ್ಲಿ ಒಂದು ಅವಳದು. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಡೇಟಾ ಎಂಟ್ರಿ. ಮುಂದಿನ ವರ್ಷ ತಾನೂ ಎಂ.ಎಸ್ಸಿ.ಗೆ ಹಾಕುತ್ತಾಳಂತೆ, ಕೋಚಿಂಗ್‌ಗೂ ಸೇರಿದ್ದಾಳಂತೆ. ಖುಷಿಯಲ್ಲಿದ್ದಳು. ಆರು ಸೆಮಿಸ್ಟರಿನ ವಿಷಯ ಹೇಳಿಬಿಟ್ಟೆ.

"ನೀನ್ ಹೇಳ್ದೆ ಅಂತ ಸೈನ್ ಮಾಡಿದ್ದು ಕಣೇ ದೀಪು. ನಿಂಗ್ ಆಗ್ಲೇ ಗೊತ್ತಿತ್ತಾ?"

ಇಲ್ಲ ಅಂದೆ.

ಈ ಪುಸ್ತಕದಲ್ಲಾದರೂ ನಿಜ ಬರೆಯಬೇಕು. ನಮ್ಮ ಕಾಲೇಜಿನ ಸ್ಟ್ಯಾಟಿಸ್ಟಿಕ್ಸ್ ಮೇಡಂ ಆ ಅರ್ಜಿ ಬರೆದ ದಿನ ಬೆಳಿಗ್ಗೆ ನನ್ನೊಬ್ಬಳನ್ನೇ ಕರೆದು ಹೇಳಿದ್ದರು. "ಸೈನ್ ಮಾಡ್ಬೇಡಿ ಕಣಮ್ಮ. ಮುಂದೆ ಪಿ.ಜಿ.ಗೆ ತೊಂದ್ರೆ ಆಗುತ್ತೆ. ಮಿಕ್ಕವ್ರಿಗೂ ಹೇಳು." ಹೇಳಲಿಲ್ಲ. ಹಿಂದಿನ ದಿನವಷ್ಟೇ ಪ್ರಿನ್ಸಿಪಾಲರು, ಪೀಣ್ಯದ ಈ ಕಂಪನಿ ಕೆಲಸಕ್ಕೆ ಕಾಲೇಜಿಂದ ಒಂದೇ ಹೆಸರು ಕಳಿಸೋದು, ಅದು ನಿಂದೇ ಅಂದಿದ್ದರು. ಅದಕ್ಕೇ ನಾನು ಮೇಡಂ ಮಾತು ಮುಚ್ಚಿಟ್ಟು ಅರ್ಜಿ ಬರೆದೆ, ಮಿಕ್ಕ ಮೂವರ ಕೈಲೂ ಸಹಿ ಹಾಕಿಸಿದೆ.